ಬೆರಳು ಬೆರಳಿಗೂ ಉಣ್ಣೆಯ ಹೊದಿಕೆ

ಐದು ಬೆರಳಿಗೂ ಬೇರೆಬೇರೆ ಗೂಡು ಇರುವ ಕಾಲುಚೀಲಕ್ಕೆ ಟೋ ಸಾಕ್ಸ್ ಎಂದು ಹೆಸರು. ಕೈಗವಸಿನಲ್ಲಿ ಇರುವಂತೆಯೇ ಇದರಲ್ಲೂ ಪ್ರತಿ ಬೆರಳಿಗೆ ಒಂದೊಂದು ಪುಟ್ಟ ಕೊಳವೆ ಹೆಣೆದಿರುತ್ತದೆ. ಹೆಬ್ಬೆರಳನ್ನಷ್ಟೇ ಬಿಡಿಸಿಡುವ ತಾಬಿ ಜಪಾನಿನ ಹಳೆಯ ಉಡುಗೆ. ಐದೂ ಬೆರಳನ್ನು ಬಿಡಿಸುವ ಸಾಕ್ಸ್ ಕೂಡ ಅಲ್ಲಿ ದಿನಬಳಕೆಯ ವಸ್ತು. ಅಮೆರಿಕದ ಇಂಜಿಂಜಿಯಂಥ ಕಂಪನಿಗಳು ದೂರದ ಓಟಗಾರರನ್ನೂ ಚಾರಣಿಗರನ್ನೂ ಗಮನದಲ್ಲಿಟ್ಟುಕೊಂಡು ಇವನ್ನು ಮೆರಿನೊ ಉಣ್ಣೆಯಲ್ಲೂ ತಯಾರಿಸುತ್ತವೆ. ಕುಮಾರ ಪರ್ವತ, ಕುದುರೆಮುಖ, ತಡಿಯಂಡಮೋಳ್‌ನಂಥ ಏರುಹಾದಿಗಳಲ್ಲಿ ದಿನವಿಡೀ ನಡೆಯುವವರಿಗೂ ಇವು ಉಪಯೋಗಕ್ಕೆ ಬರಬಲ್ಲವು.

ಬೊಬ್ಬೆ ಏಳುವುದು ಹೇಗೆ?

ಹೆಜ್ಜೆ ಇಟ್ಟಾಗಲೆಲ್ಲ ಪಾದದ ಮೂಳೆ ಮುಂದೆ ಸರಿಯುತ್ತದೆ. ಸಾಕ್ಸಿಗೆ ಅಂಟಿಕೊಂಡ ಚರ್ಮ ಅಲ್ಲೇ ನಿಲ್ಲುತ್ತದೆ. ನಡುವಿನ ಪದರಗಳು ಎಳೆತಕ್ಕೆ ಸಿಕ್ಕುತ್ತವೆ. ಇದು ಸಾವಿರಾರು ಸಲ ನಡೆದಾಗ ಮೇಲ್ಚರ್ಮದ ಒಳಪದರ ಹರಿದು, ಆ ಜಾಗದಲ್ಲಿ ನೀರು ತುಂಬಿ ಬೊಬ್ಬೆ ಏಳುತ್ತದೆ. ಬೆವರಿನಿಂದ ಒದ್ದೆಯಾದ ಚರ್ಮ ಒಣ ಚರ್ಮಕ್ಕಿಂತ ಹೆಚ್ಚು ಅಂಟುವುದರಿಂದ ತೇವವಿದ್ದಲ್ಲಿ ಈ ಎಳೆತವೂ ಹೆಚ್ಚು.

ಸಾಮಾನ್ಯ ಸಾಕ್ಸಿನೊಳಗೆ ಬೆರಳುಗಳು ಒಂದಕ್ಕೊಂದು ಒತ್ತಿಕೊಂಡಿರುತ್ತವೆ. ಇಳಿಜಾರಿನಲ್ಲಿ ಪಾದ ಶೂನ ಮುಂದಕ್ಕೆ ಜಾರಿದಾಗ ಬೆರಳಿಗೆ ಬೆರಳು ಉಜ್ಜುತ್ತದೆ, ಒಂದರ ಉಗುರು ಪಕ್ಕದ್ದಕ್ಕೆ ತಗಲುತ್ತದೆ. ಟೋ ಸಾಕ್ಸ್ ಬೆರಳುಗಳ ನಡುವೆ ಬಟ್ಟೆಯನ್ನು ತಂದಿಟ್ಟು ಚರ್ಮಕ್ಕೆ ಚರ್ಮ ತಾಗದಂತೆ ಮಾಡುತ್ತದೆ. ಬೆರಳಸಂದಿಯ ಬೆವರು ಅಲ್ಲೇ ನಿಲ್ಲದೆ ಬಟ್ಟೆಗೆ ಹೋಗುತ್ತದೆ. ಗದ್ದೆ ಕೆಲಸದವರನ್ನು ಮಳೆಗಾಲದಲ್ಲಿ ಕಾಡುವ ಕೆಸರುಹುಣ್ಣಿನಂಥ ತೊಂದರೆಗಳು ಹೆಚ್ಚಾಗಿ ಶುರುವಾಗುವುದು ಕಿರುಬೆರಳು ಮತ್ತು ಅದರ ಪಕ್ಕದ ಬೆರಳಿನ ನಡುವಿನ ಸಂದಿಯಲ್ಲೇ. ಆ ಜಾಗ ಒಣಗಿದ್ದಷ್ಟೂ ಶಿಲೀಂಧ್ರಕ್ಕೆ ನೆಲೆ ಕಡಿಮೆ. ಆದರೆ ಆಗಲೇ ಹುಣ್ಣಾಗಿದ್ದರೆ ಬೇಕಾದದ್ದು ಔಷಧ. ಸಾಕ್ಸಿನಿಂದ ಅದು ವಾಸಿಯಾಗದು.

ಮೆರಿನೊ ಏಕೆ?

ಮೆರಿನೊ ಕುರಿತಳಿ ಬೆಳೆದದ್ದು ಸ್ಪೇನಿನಲ್ಲಿ. ಬಹುಕಾಲ ಆ ದೇಶ ಈ ಕುರಿಗಳನ್ನು ಹೊರಗೆ ಬಿಡಲಿಲ್ಲ. 18ನೇ ಶತಮಾನದಲ್ಲಿ ಆ ಬಿಗಿ ಸಡಿಲಿತು. 1797ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ನಿಂದ ಮೆರಿನೊ ಕುರಿಗಳು ಆಸ್ಟ್ರೇಲಿಯಾ ತಲುಪಿದವು. ಇಂದು ಉಡುಪಿಗೆ ಬಳಸುವ ನಯವಾದ ಉಣ್ಣೆಯಲ್ಲಿ ಆಸ್ಟ್ರೇಲಿಯಾದ್ದೇ ದೊಡ್ಡ ಪಾಲು.

ಉಣ್ಣೆಯ ಗುಣ ಎಳೆಯ ದಪ್ಪದಲ್ಲಿದೆ. ಮನುಷ್ಯನ ಕೂದಲು ಸುಮಾರು 50ರಿಂದ 100 ಮೈಕ್ರಾನ್ ದಪ್ಪವಿದ್ದರೆ ಮೆರಿನೊ ಎಳೆ ಸಾಮಾನ್ಯವಾಗಿ 24 ಮೈಕ್ರಾನಿಗಿಂತ ತೆಳು. 30 ಮೈಕ್ರಾನ್ ದಾಟಿದ ಎಳೆಯ ತುದಿ ಬಾಗದೆ ಚರ್ಮಕ್ಕೆ ಚುಚ್ಚುತ್ತದೆ. ತೆಳು ಎಳೆ ಬಾಗಿಬಿಡುತ್ತದೆ. ನಮ್ಮ ದಖ್ಖನಿ ಕುರಿಯ ಉಣ್ಣೆ ಒರಟು. ಕುರುಬರು ಅದರಿಂದ ನೇಯುವ ಕಂಬಳಿ ಬರಿಮೈಗೆ ಚುಚ್ಚಿದರೂ ಮಳೆಯಲ್ಲಿ ಕೊಪ್ಪೆಯಾಗಿ ಬೆಚ್ಚಗಿಡುತ್ತದೆ. ನೆನೆದ ಮೇಲೂ ಉಣ್ಣೆ ಪೂರ್ತಿ ತಣ್ಣಗಾಗುವುದಿಲ್ಲ ಎಂಬ ಮಾತು ಕಂಬಳಿಗೂ ಮೆರಿನೊಗೂ ಒಂದೇ.

ಉಣ್ಣೆ ತನ್ನ ಒಣತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವವನ್ನು ಆವಿಯ ರೂಪದಲ್ಲಿ ಹೀರಿಕೊಳ್ಳಬಲ್ಲದು. ಹಾಗೆ ಹೀರುವಾಗ ಅಲ್ಪ ಶಾಖವನ್ನೂ ಹೊರಬಿಡುತ್ತದೆ. ಅದೇ ಹವೆಯಲ್ಲಿ ಹತ್ತಿ ಹೀರುವುದು ಇದಕ್ಕಿಂತ ಕಡಿಮೆ. ಪಾಲಿಯೆಸ್ಟರ್ ಹೀರುವುದು ತೀರಾ ಕಡಿಮೆ. ಬೆವರಿನ ವಾಸನೆಯೂ ಉಣ್ಣೆಯಲ್ಲಿ ಪಾಲಿಯೆಸ್ಟರಿನಷ್ಟು ನಿಲ್ಲುವುದಿಲ್ಲ. ಎರಡು ಮೂರು ದಿನದ ಚಾರಣಕ್ಕೆ ಹೊರಟವರಿಗೆ ಇದು ದೊಡ್ಡ ಅನುಕೂಲ.

ಕೊಳ್ಳುವಾಗ, ತೊಡುವಾಗ

ಅಪ್ಪಟ ಮೆರಿನೊ ಸಾಕ್ಸ್ ಬೇಗ ಸವೆಯುತ್ತದೆ. ಆದ್ದರಿಂದ ಬಾಳಿಕೆಗೆ ನೈಲಾನ್, ಹಿಗ್ಗಲು ಇಲಾಸ್ಟೇನ್ ಬೆರೆಸುತ್ತಾರೆ. ಯಾವುದು ಎಷ್ಟಿದೆ ಎಂದು ಚೀಟಿಯಲ್ಲಿ ನೋಡಿ ಕೊಳ್ಳಬೇಕು. ಅಳತೆಯಲ್ಲೂ ಎಚ್ಚರ ಬೇಕು: ದೊಡ್ಡದಾದರೆ ಬೆರಳ ತುದಿಯಲ್ಲಿ ಬಟ್ಟೆ ಮುದ್ದೆಯಾಗಿ ಅದರಿಂದಲೇ ಬೊಬ್ಬೆ ಏಳುತ್ತದೆ, ಚಿಕ್ಕದಾದರೆ ಬೆರಳಸಂದಿಯನ್ನು ಬಟ್ಟೆ ಎಳೆಯುತ್ತದೆ. ಕಿರುಬೆರಳು ತೀರಾ ಗಿಡ್ಡವಾಗಿರುವವರಿಗೂ ಬೆರಳುಗಳು ಕೂಡಿಕೊಂಡಿರುವವರಿಗೂ ಇದು ಒಗ್ಗುವುದಿಲ್ಲ.

ತೊಡುವಾಗ ಮೊದಲು ಒಂದೊಂದೇ ಬೆರಳನ್ನು ಅದರ ಗೂಡಿಗೆ ಸೇರಿಸಿ, ಸಂದಿಯವರೆಗೂ ಬಟ್ಟೆ ಕೂತ ಮೇಲೆ ಹಿಮ್ಮಡಿ ಎಳೆದುಕೊಳ್ಳಬೇಕು. ಉದ್ದ ಉಗುರು ಹೊಸ ಸಾಕ್ಸನ್ನೂ ತೂತು ಮಾಡುತ್ತದೆ. ಮೊದಲೇ ಕತ್ತರಿಸಿಕೊಳ್ಳುವುದು ಒಳ್ಳೆಯದು. ಬೆರಳುಗಳ ನಡುವೆ ನಾಲ್ಕು ಕಡೆ ಬಟ್ಟೆ ಸೇರುವುದರಿಂದ ಪಾದದ ಮುಂಭಾಗ ಅಗಲವಾಗುತ್ತದೆ. ಮೂತಿ ಕಿರಿದಾದ ಶೂ ಇದ್ದರೆ ಬೆರಳುಗಳು ಮತ್ತಷ್ಟು ಇಕ್ಕಟ್ಟಿಗೆ ಸಿಕ್ಕುತ್ತವೆ.

ಪಶ್ಚಿಮ ಘಟ್ಟದ ಮಳೆಗಾಲಕ್ಕೆ ಇನ್ನೊಂದು ಮಾತು. ಉಂಬಳ ಹೆಣಿಗೆಯ ಸಾಕ್ಸಿನ ಕಣ್ಣುಗಳ ಮೂಲಕವೇ ಕಚ್ಚಬಲ್ಲದು. ಹೀಗಾಗಿ ಟೋ ಸಾಕ್ಸಿನ ಮೇಲೆ ಒತ್ತಾಗಿ ನೇಯ್ದ ಬಟ್ಟೆಯ, ಮೊಣಕಾಲಿನವರೆಗೆ ಬರುವ ಲೀಚ್ ಸಾಕ್ಸ್ ಬೇಕೇ ಬೇಕು. ಎರಡೂ ಹಿಡಿಸುವಷ್ಟು ಜಾಗ ಶೂನಲ್ಲಿರಬೇಕು.

ಹೊಸ ಸಾಕ್ಸನ್ನು ನೇರವಾಗಿ ಬೆಟ್ಟಕ್ಕೆ ಒಯ್ಯಬಾರದು. ಮೊದಲು ಮನೆಯಲ್ಲಿ, ಆಮೇಲೆ ಚಾರಣದ ಶೂ ಹಾಕಿಕೊಂಡು ಹತ್ತಿರದ ನಡಿಗೆಯಲ್ಲಿ, ಕೊನೆಗೆ ಇಳಿಜಾರಿರುವ ಹಾದಿಯಲ್ಲಿ ಪರೀಕ್ಷಿಸಬೇಕು. ಪ್ರತಿ ಸಲವೂ ಬಿಚ್ಚಿದ ಕೂಡಲೇ ಬೆರಳಸಂದಿ, ಬೆರಳ ತುದಿ, ಹಿಮ್ಮಡಿ ಕೆಂಪಾಗಿವೆಯೇ ಎಂದು ನೋಡಬೇಕು. ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಂದಿರುವವರು ವೈದ್ಯರನ್ನು ಕೇಳದೆ ತೊಡುವುದು ಬೇಡ.

ಒಗೆತ, ಕಾಪು

ಉಣ್ಣೆಯೆಳೆಯ ಮೇಲೆ ಸೂಕ್ಷ್ಮ ಹುರುಪೆಗಳಿವೆ. ಬಿಸಿನೀರಿನಲ್ಲಿ ತಿಕ್ಕಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿ ಗಟ್ಟಿಯಾಗುತ್ತದೆ. ಸಾಕ್ಸನ್ನು ಒಳಮಗ್ಗುಲು ಹೊರಗೆ ಮಾಡಿ, ತಣ್ಣೀರಿನಲ್ಲಿ ಸೌಮ್ಯ ಸೋಪಿನಿಂದ ಒಗೆದು, ಹಿಂಡದೆ ನೆರಳಿನಲ್ಲಿ ಒಣಗಿಸಬೇಕು. ಕ್ಲೋರಿನ್ ಬ್ಲೀಚ್ ಉಣ್ಣೆಯನ್ನು ಕರಗಿಸುತ್ತದೆ. ಉಣ್ಣೆ ಪ್ರೋಟೀನಿನಿಂದ ಆದದ್ದು. ಪ್ರೋಟೀನಿನ ಕಲೆ ತೆಗೆಯುವ ಕಿಣ್ವವಿರುವ ಪುಡಿಯೂ ಅದನ್ನು ಹಾಳುಮಾಡುತ್ತದೆ. ನುಸಿಯ ಮರಿಗಳಿಗೆ ಉಣ್ಣೆಯೇ ಆಹಾರ. ಮುಚ್ಚಳ ಬಿಗಿಯಾದ ಡಬ್ಬದಲ್ಲಿ ತೆಗೆದಿಡುವುದು ಕ್ಷೇಮ. ಮೆರಿನೊ ಪಾಲಿಯೆಸ್ಟರಿನಷ್ಟು ಬೇಗ ಒಣಗದ ಕಾರಣ ದೀರ್ಘ ಚಾರಣಕ್ಕೆ ಎರಡು ಜೊತೆ ಇರಲಿ.

ಹತ್ತಿಯ ಸಾಕ್ಸಿಗಿಂತ ಇವುಗಳ ಬೆಲೆ ಹೆಚ್ಚು, ತೊಡಲು ಹಿಡಿಯುವ ಹೊತ್ತೂ ಹೆಚ್ಚು. ಹಿಮ್ಮಡಿಯ ಬೊಬ್ಬೆಯೇ ಕಾಟವಾಗಿರುವವರಿಗೆ ಬೆರಳುಗೂಡುಗಳಿಂದ ಲಾಭವಿಲ್ಲ. ಅವರು ಮೊದಲು ಶೂನ ಅಳತೆ ಸರಿಪಡಿಸಿಕೊಳ್ಳಲಿ. ಬೆರಳಸಂದಿಯಲ್ಲಿ ಪದೇಪದೇ ಬೊಬ್ಬೆ ಏಳುವವರು, ಪಾದ ಹೆಚ್ಚು ಬೆವರುವವರು ಮಾತ್ರ ಮೂತಿ ಅಗಲವಾದ ಶೂ ಜೊತೆಗೆ ಒಂದು ಜೊತೆ ಮೆರಿನೊ ಟೋ ಸಾಕ್ಸ್ ಕೊಂಡು ಪರೀಕ್ಷಿಸಿ ನೋಡುವುದು ಖಂಡಿತ ಯೋಗ್ಯ.