ಜಾರ್ಜಿಯಾ: ಒಂಟಿ ಪಯಣಿಗರನ್ನ ಒಂಟಿಯಾಗಿ ಬಿಡದ ದೇಶ

ಸೋಲೋ ಟ್ರಿಪ್ ಅಂದ್ರೆ ನಮ್ಮ ಲಿಸ್ಟಲ್ಲಿ ಬಾಲಿ, ಬ್ಯಾಂಕಾಕ್, ವಿಯೆಟ್ನಾಂ. ರಷ್ಯಾ, ಟರ್ಕಿ ಮಧ್ಯೆ ಇರೋ ಜಾರ್ಜಿಯಾ ನನ್ನ ಲಿಸ್ಟಲ್ಲೂ ಇರ್ಲಿಲ್ಲ. ಈಗ ಯಾರು ಕೇಳಿದ್ರೂ ಮೊದಲು ಅದನ್ನೇ ಹೇಳ್ತೀನಿ. ಯಾಕೆ ಗೊತ್ತಾ?

ಅಲ್ಲಿ ಹಲೋಗೆ 'ಗಮರ್ಜೋಬಾ' ಅಂತಾರೆ. ಆ ಪದದ ಮೂಲ ಅರ್ಥ ಗೆಲುವು. ಪರ್ಷಿಯನ್ನರು, ಆಟೊಮನ್ನರು, ರಷ್ಯನ್ನರು ಒಬ್ಬರಾದ ಮೇಲೊಬ್ಬರು ದಂಡೆತ್ತಿ ಬಂದ ಪುಟ್ಟ ದೇಶ ಅದು. 2008ರ ಯುದ್ಧದ ನಂತರ ಸುಮಾರು ಐದನೇ ಒಂದು ಭಾಗ ಈಗಲೂ ರಷ್ಯಾ ಸೇನೆಯ ಹಿಡಿತದಲ್ಲಿದೆ. ಆದ್ರೆ ಬೆಳಿಗ್ಗೆ ಎದ್ದು ಹೇಳೋ ಮಾತು 'ದಿಲಾ ಮ್ಶ್ವಿದೋಬಿಸಾ'. ಅಂದ್ರೆ, ಶಾಂತಿಯ ಬೆಳಗು.

ಇಷ್ಟೆಲ್ಲ ಕಂಡ ಜನಕ್ಕೆ ಹೊರಗಿನವರನ್ನ ಕಂಡ್ರೆ ಅನುಮಾನ ಇರಬೇಕಲ್ವಾ? ಇಲ್ಲ, ಉಲ್ಟಾ. 'ಅತಿಥಿ ದೇವರ ಕಡೆಯವರು' ಅನ್ನೋದು ಅಲ್ಲಿನ ಗಾದೆ. ಹಳ್ಳಿ ಕಡೆ ಗೆಸ್ಟ್‌ಹೌಸ್ ಅಂದ್ರೆ ಹೆಚ್ಚಾಗಿ ಯಾರದೋ ಮನೆಯೇ. ಅಲ್ಲಿನ ಔತಣಕ್ಕೆ 'ಸುಪ್ರಾ' ಅಂತ ಹೆಸರು. 'ತಮದಾ' ಅನ್ನೋ ಹಿರಿಯ ಒಂದೊಂದೇ ಮಾತು ಹೇಳಿ ಎಲ್ಲರ ಕೈಲಿ ಗ್ಲಾಸ್ ಎತ್ತಿಸ್ತಾರೆ: ಶಾಂತಿಗೆ, ತೀರಿಕೊಂಡವರಿಗೆ, ಆಮೇಲೆ ಅತಿಥಿಗೆ. ಒಬ್ಬರೇ ಬಂದವರಿಗೂ ಅಲ್ಲೊಂದು ಸರದಿ ಇರುತ್ತೆ.

ಕಾಕಸಸ್ ಬೆಟ್ಟ, ಚೀಸ್ ತುಂಬಿದ ಖಚಾಪುರಿ ರೀಲ್ಸಲ್ಲೂ ಸಿಗುತ್ತೆ. ಆ ಸರದಿ ಸಿಗೋದು ಅಲ್ಲಿ ಕೂತು ಊಟ ಮಾಡಿದಾಗ ಮಾತ್ರ.