ಬೆಕ್ಕಿನ ಮರಿಗೆ ಶೌಚದ ಪಾಠ

"ಡಾಕ್ಟರ್ ಸಾಹೇಬ್ರ, ಮನ್ಯಾಗ ಬಸುರಿ ಹೆಣ್ಣುಮಗಳು ಇದ್ದಾಗ ಬೆಕ್ಕು ಇರಬಾರದಂತಲ್ರಿ, ಖರೇ ಏನ್ರಿ?" ಐದು ತಿಂಗಳ ಗರ್ಭಿಣಿ ಸೊಸೆಯನ್ನು ತೋರಿಸಲು ಶಹಾಪುರದ ಕಡೆಯಿಂದ ಬಂದಿದ್ದ ಅತ್ತೆಯೊಬ್ಬರು ಕೇಳಿದ ಪ್ರಶ್ನೆ ಇದು. ತೊಗರಿ ಚೀಲ ಒಟ್ಟಿದ್ದ ಕೋಣೆಯಲ್ಲಿ ಬೆಕ್ಕು ಮೂರು ಮರಿ ಹಾಕಿತ್ತು. ಮರಿಗಳು ಓಡಾಡತೊಡಗಿದ ಮೇಲೆ ಮನೆಯ ಮೂಲೆಮೂಲೆಯಲ್ಲೂ ಹೇಸಿಗೆ. ಅವನ್ನು ಚೀಲದಲ್ಲಿ ತುಂಬಿ ಕಾಲುವೆಯಾಚೆ ಬಿಟ್ಟು ಬರುವುದೆಂದು ಮನೆಯ ಹಿರಿಯರು ತೀರ್ಮಾನಿಸಿದ್ದರು. ಶಾಲೆಗೆ ಹೋಗುವ ಮೊಮ್ಮಗ ಮಾತ್ರ ಅಂದಿನಿಂದ ಸರಿಯಾಗಿ ಉಣ್ಣುತ್ತಿರಲಿಲ್ಲ.

"ಹೇಸಿಗೆ ಯಾರು ಬಳಿಯುತ್ತಾರೆ?" ಎಂದು ಕೇಳಿದೆ. "ಇಕೀನ ಬಳೀತಾಳ್ರಿ" ಎಂದು ಅತ್ತೆ ಸೊಸೆಯತ್ತ ಕೈತೋರಿಸಿದರು. ಆ ಮನೆಯಲ್ಲಿ ಮೊದಲು ಬದಲಾಗಬೇಕಾಗಿದ್ದ ಸಂಗತಿ ಅದೇ.

ಯಾದಗಿರಿ, ಶಹಾಪುರ, ಸುರಪುರದ ಸುತ್ತಮುತ್ತ ಬೆಕ್ಕು ಬರೀ ಮುದ್ದಿನ ಪ್ರಾಣಿಯಲ್ಲ. ತೊಗರಿ, ಶೇಂಗಾ, ಜೋಳ, ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಭತ್ತ, ಹೀಗೆ ಮನೆಯಲ್ಲಿ ಕಾಳುಕಡಿ ಇದ್ದಲ್ಲಿ ಇಲಿ ಇದ್ದೇ ಇರುತ್ತದೆ. ಇಲಿಯ ಕಾಟಕ್ಕೆ ಬೆಕ್ಕು ಬೇಕು. ಆದರೆ ಬೆಕ್ಕಿನ ಮಲಮೂತ್ರದ ವ್ಯವಸ್ಥೆಯ ಬಗ್ಗೆ ನಾವು ಯೋಚಿಸುವುದಿಲ್ಲ. ಸ್ವಲ್ಪ ತಾಳ್ಮೆ ಇದ್ದರೆ ಹೆಚ್ಚಿನ ಮರಿಗಳು ಒಂದೆರಡು ವಾರದಲ್ಲಿ ಈ ಪಾಠ ಕಲಿಯುತ್ತವೆ.

ಕಲಿಸುವ ವಯಸ್ಸು

ಹುಟ್ಟಿದ ಮೊದಲ ಮೂರು ವಾರ ಮರಿಗೆ ತಾನಾಗಿ ಮಲಮೂತ್ರ ವಿಸರ್ಜಿಸುವ ಶಕ್ತಿ ಇರುವುದಿಲ್ಲ. ತಾಯಿ ಬೆಕ್ಕು ಹಿಂಭಾಗವನ್ನು ನೆಕ್ಕಿದಾಗಲೇ ಅದು ಹೊರಬರುತ್ತದೆ. ತಾಯಿಯೇ ಅದನ್ನು ಶುಚಿ ಮಾಡುತ್ತದೆ. ತಾಯಿಯಿಲ್ಲದ ಮರಿಯಾದರೆ ಹಾಲು ಕುಡಿಸಿದ ಪ್ರತಿ ಸಲವೂ ಬೆಚ್ಚಗಿನ ನೀರಿನಲ್ಲಿ ಅದ್ದಿದ ಮೆತ್ತನೆಯ ಬಟ್ಟೆಯಿಂದ ಹಗುರವಾಗಿ ಒರೆಸಬೇಕು. ಇಲ್ಲದಿದ್ದರೆ ಹೊಟ್ಟೆ ಉಬ್ಬಿ ಮರಿ ಸಾಯಬಹುದು.

ನಾಲ್ಕನೇ ವಾರದ ಹೊತ್ತಿಗೆ ಮರಿ ಸಡಿಲವಾದ ಮಣ್ಣು ಕಂಡಲ್ಲಿ ಕೆದರಲು ಶುರು ಮಾಡುತ್ತದೆ. ಕೆದರಿ, ವಿಸರ್ಜಿಸಿ, ಮುಚ್ಚುವುದು ಬೆಕ್ಕಿನ ಹುಟ್ಟುಗುಣ. ಅದಕ್ಕೆ ಜಾಗ ಯಾವುದೆಂದು ತೋರಿಸುವುದಷ್ಟೇ ನಮ್ಮ ಕೆಲಸ. ತಾಯಿ ಬೆಕ್ಕು ಆ ಜಾಗವನ್ನು ಬಳಸುತ್ತಿದ್ದರೆ ಮರಿಗಳು ನೋಡಿ ಬೇಗ ಕಲಿಯುತ್ತವೆ. ಆದ್ದರಿಂದ ಕನಿಷ್ಠ ಎಂಟು ವಾರ ತುಂಬುವವರೆಗೆ ಮರಿಗಳನ್ನು ತಾಯಿಯಿಂದ ಅಗಲಿಸಬಾರದು.

ಏನೇನು ಬೇಕು?

ಅಗಲವಾದ, ಎರಡು-ಮೂರು ಅಂಗುಲ ಎತ್ತರದ ಅಂಚಿರುವ ಒಂದು ಹಳೆಯ ಪ್ಲಾಸ್ಟಿಕ್ ಬುಟ್ಟಿ ಅಥವಾ ತಗಡಿನ ತಟ್ಟೆ ಸಾಕು. ಅಂಚು ಎತ್ತರವಿದ್ದರೆ ಸಣ್ಣ ಮರಿ ಹತ್ತಲಾರದೆ ಪಕ್ಕದಲ್ಲೇ ಕೂರುತ್ತದೆ. ಅದರಲ್ಲಿ ಎರಡು ಅಂಗುಲದಷ್ಟು ಜರಡಿ ಹಿಡಿದ, ಬಿಸಿಲಿಗೆ ಒಣಗಿಸಿದ ಉಸುಕು ಹಾಕಬೇಕು.

ನಮ್ಮ ಎರೆಮಣ್ಣು ಈ ಕೆಲಸಕ್ಕೆ ಬರುವುದಿಲ್ಲ. ಒದ್ದೆಯಾದರೆ ಕಾಲಿಗೆ ಮೆತ್ತಿಕೊಳ್ಳುತ್ತದೆ, ಒಣಗಿದರೆ ಹೆಂಟೆಯಾಗುತ್ತದೆ. ಒಲೆಯ ಬೂದಿ ವಾಸನೆ ಹೀರುತ್ತದೆ ನಿಜ. ಆದರೆ ಒದ್ದೆಯಾದ ಬೂದಿಯ ಕ್ಷಾರ ಮರಿಯ ಎಳೆ ಪಾದಕ್ಕೆ ಉರಿ ತರುತ್ತದೆ, ಪಾದ ನೆಕ್ಕಿದಾಗ ಬಾಯಿಗೂ ಹೋಗುತ್ತದೆ. ಪೇಟೆಯಲ್ಲಿ ಸಿಗುವ, ಒದ್ದೆಯಾದೊಡನೆ ಉಂಡೆಗಟ್ಟುವ ಪುಡಿ ದೊಡ್ಡ ಬೆಕ್ಕಿಗೆ ಆದೀತು, ಎಳೆಯ ಮರಿಗೆ ಬೇಡ. ಮರಿಗಳು ಅದನ್ನು ತಿಂದು ಕರುಳು ಕಟ್ಟಿಕೊಳ್ಳುವ ಭಯವಿದೆ.

ಬುಟ್ಟಿಯನ್ನು ಜನರ ಓಡಾಟ ಕಡಿಮೆ ಇರುವ ಮೂಲೆಯಲ್ಲಿಡಿ. ಅಡುಗೆಮನೆ, ಕುಡಿಯುವ ನೀರಿನ ಕೊಡ, ಕಾಳಿನ ಚೀಲ, ಮರಿಯ ಊಟದ ತಟ್ಟೆ ಇವುಗಳಿಂದ ದೂರವಿರಲಿ. ಬೆಕ್ಕು ಉಣ್ಣುವ ಜಾಗದಲ್ಲಿ ಹೊಲಸು ಮಾಡುವುದಿಲ್ಲ. ಒಮ್ಮೆ ಇಟ್ಟ ಜಾಗವನ್ನು ಪದೇ ಪದೇ ಬದಲಿಸಬಾರದು. ಎರಡು-ಮೂರು ಮರಿಗಳಿದ್ದರೆ ಒಂದೇ ಬುಟ್ಟಿ ಸಾಲದು.

ಕಲಿಸುವ ಕ್ರಮ

ನಿದ್ದೆಯಿಂದ ಎದ್ದೊಡನೆ, ಉಂಡ ಹದಿನೈದಿಪ್ಪತ್ತು ನಿಮಿಷಕ್ಕೆ, ಜೋರಾಗಿ ಆಡಿದ ಮೇಲೆ ಮರಿಯನ್ನು ಮೆಲ್ಲಗೆ ಎತ್ತಿ ಉಸುಕಿನ ಮೇಲೆ ಬಿಡಿ. ನಿಮ್ಮ ಬೆರಳಿನಿಂದ ಉಸುಕನ್ನು ಒಂದೆರಡು ಸಲ ಕೆದರಿ ತೋರಿಸಿ. ಮರಿಯ ಕಾಲನ್ನು ಹಿಡಿದು ಬಲವಂತವಾಗಿ ಕೆದರಿಸಬೇಡಿ. ಹೊರಗೆ ಓಡಿದರೆ ಓಡಲಿ. ಮತ್ತೊಮ್ಮೆ ತಂದು ಬಿಡಿ. ಮೊದಲ ಕೆಲವು ದಿನ ಮರಿಯನ್ನು ಒಂದೇ ಕೋಣೆಯಲ್ಲಿ ಇಟ್ಟುಕೊಂಡರೆ ಬುಟ್ಟಿ ಅದರ ಕಣ್ಣೆದುರಿಗೇ ಇರುತ್ತದೆ. ಬೇರೆಡೆ ಹೊಲಸು ಮಾಡಿದರೆ ಒರೆಸಿದ ಕಾಗದದ ತುಣುಕೊಂದನ್ನು ಉಸುಕಿನಲ್ಲಿ ಹಾಕಿ. ಆ ವಾಸನೆಯೇ ಮರಿಗೆ ದಾರಿ ತೋರಿಸುತ್ತದೆ.

ಮೂತಿಯನ್ನು ಹೇಸಿಗೆಗೆ ಉಜ್ಜುವುದು, ಹೊಡೆಯುವುದು, ಗದರುವುದು ನಮ್ಮಲ್ಲಿ ಸಾಮಾನ್ಯ. ಇದರಿಂದ ಮರಿ ಕಲಿಯುವುದು ಒಂದನ್ನೇ: ಮನುಷ್ಯರ ಕಣ್ಣು ತಪ್ಪಿಸಿ ಮಂಚದ ಕೆಳಗೋ ಚೀಲದ ಸಂದಿಯಲ್ಲೋ ಹೋಗುವುದನ್ನು!

ಹಸುವಿನ ಅಥವಾ ಎಮ್ಮೆಯ ಹಾಲು ಕುಡಿಸಿ ಮರಿಗೆ ಭೇದಿಯಾಗಿದ್ದರೆ ಯಾವ ಪಾಠವೂ ನಾಟುವುದಿಲ್ಲ. ಹಾಲೂಡುವುದನ್ನು ಬಿಟ್ಟ ಮರಿಗೆ ಹಾಲು ಅಗತ್ಯವಲ್ಲ. ಬೇಯಿಸಿದ ಮೊಟ್ಟೆ, ಮೂಳೆ ತೆಗೆದ ಬೇಯಿಸಿದ ಮೀನು ಅಥವಾ ಕೋಳಿಮಾಂಸ, ಜೊತೆಗೆ ಯಾವಾಗಲೂ ಶುದ್ಧ ನೀರು ಇರಲಿ. ಸಸ್ಯಾಹಾರಿ ಮನೆಯವರು ಪೇಟೆಯಲ್ಲಿ ಸಿಗುವ ಮರಿಗಳ ಆಹಾರವನ್ನು ಕೊಡಬಹುದು.

ಫಿನಾಯಿಲ್ ಬೇಡ

ನೆಲಕ್ಕೆ ಹೇಸಿಗೆ ಬಿದ್ದೊಡನೆ ನಮ್ಮ ಕೈ ಹೋಗುವುದು ಫಿನಾಯಿಲ್ ಬಾಟಲಿಗೆ. ಆದರೆ ಫೀನಾಲ್ ಜಾತಿಯ ವಸ್ತುಗಳನ್ನು ಬೆಕ್ಕಿನ ಯಕೃತ್ತು ಕರಗಿಸಲಾರದು. ಒರೆಸಿದ ನೆಲದ ಮೇಲೆ ನಡೆದು ಪಾದ ನೆಕ್ಕಿಕೊಂಡರೂ ಮರಿಗೆ ವಿಷವಾಗಬಹುದು. ಬ್ಲೀಚಿಂಗ್ ಪುಡಿಯನ್ನು ಮೂತ್ರದ ಮೇಲೆ ಉದುರಿಸಿದರೆ ಕೆಟ್ಟ ಗಾಳಿ ಎದ್ದು ನಮಗೂ ಕೆಮ್ಮು ಬರುತ್ತದೆ. ಸಾಬೂನು ಮತ್ತು ಬಿಸಿನೀರು ಸಾಕು.

ಪ್ರತಿದಿನ ಏಕೆ?

ಈ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಅದು ಇದು: ಬುಟ್ಟಿಯಲ್ಲಿನ ಮಲವನ್ನು ಪ್ರತಿದಿನ ತಪ್ಪದೆ ತೆಗೆಯಬೇಕು.

ಟಾಕ್ಸೊಪ್ಲಾಸ್ಮಾ ಎಂಬ ಅತಿ ಸೂಕ್ಷ್ಮ ಪರಾವಲಂಬಿ ಜೀವಿಯನ್ನು 1908ರಲ್ಲಿ ಟ್ಯುನಿಸ್ ನಗರದಲ್ಲಿ ಇಲಿ ಜಾತಿಯ ಕಾಡುಪ್ರಾಣಿಯೊಂದರಲ್ಲಿ ಗುರುತಿಸಲಾಯಿತು. ಅದು ಬೆಕ್ಕಿನ ಮಲದ ಮೂಲಕ ಹರಡುವ ಬಗೆ ಖಚಿತವಾದದ್ದು 1970ರ ಸುಮಾರಿಗೆ. ಇಲಿ, ಹಕ್ಕಿ ಅಥವಾ ಹಸಿ ಮಾಂಸ ತಿಂದ ಬೆಕ್ಕಿಗೆ ಇದು ತಗಲುತ್ತದೆ. ಮೊದಲ ಸಲ ಸೋಂಕು ತಗಲಿದಾಗ ಒಂದರಿಂದ ಮೂರು ವಾರ ಕಾಲ ಬೆಕ್ಕು ಮಲದಲ್ಲಿ ಇದರ ಲಕ್ಷಾಂತರ ಬೀಜಕಣಗಳನ್ನು ಹೊರಹಾಕುತ್ತದೆ. ನೋಡಲು ಬೆಕ್ಕು ಆರೋಗ್ಯವಾಗಿಯೇ ಇರುತ್ತದೆ.

ಈ ಕಣಗಳು ಹೊರಬಿದ್ದ ಕೂಡಲೇ ರೋಗ ತರಲಾರವು. ಅವು ಬಲಿಯಲು ಒಂದರಿಂದ ಐದು ದಿನ ಬೇಕು. ದಿನವೂ ಮಲ ತೆಗೆದರೆ ಕಣಗಳು ಬಲಿಯುವ ಮುಂಚೆಯೇ ಮನೆಯಿಂದ ಹೊರಹೋದಂತೆ. ಬಿಟ್ಟರೆ ಒದ್ದೆ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತವೆ.

ಹಳೆಯ ರಟ್ಟಿನ ತುಂಡಿನಿಂದ ಮಲವನ್ನೂ ಒದ್ದೆ ಉಸುಕನ್ನೂ ಎತ್ತಿ, ಕಾಗದದಲ್ಲಿ ಸುತ್ತಿ ಕಟ್ಟಿ ನಗರಸಭೆಯ ಕಸದ ಗಾಡಿಗೆ ಹಾಕಿ. ಹಳ್ಳಿಯಲ್ಲಾದರೆ ಬಾವಿ, ಕೊಳವೆಬಾವಿಗಳಿಂದ ದೂರದಲ್ಲಿ ಆಳವಾಗಿ ಹೂಳಬೇಕು. ಚರಂಡಿಗೆ ಎಸೆಯಬಾರದು, ಕಾಯಿಪಲ್ಲೆಯ ಮಡಿಗೂ ತಿಪ್ಪೆಗೂ ಹಾಕಬಾರದು. ವಾರಕ್ಕೊಮ್ಮೆ ಎಲ್ಲ ಉಸುಕನ್ನೂ ಬದಲಿಸಿ, ಬುಟ್ಟಿಗೆ ಕುದಿಯುವ ನೀರು ಹೊಯ್ದು ಸ್ವಲ್ಪ ಹೊತ್ತು ಬಿಟ್ಟು ತೊಳೆದು ಬಿಸಿಲಿಗಿಡಿ. ಬಳಿಕ ಸಾಬೂನು ಹಚ್ಚಿ ಕೈ ತೊಳೆಯುವುದನ್ನು ಮರೆಯಬಾರದು.

ಗರ್ಭಿಣಿಯರಿಗೆ

ಗರ್ಭಿಣಿಗೆ ಮೊದಲ ಬಾರಿಗೆ ಈ ಸೋಂಕು ತಗಲಿದರೆ ಗರ್ಭಪಾತವಾಗಬಹುದು. ಮಗುವಿನ ಮಿದುಳು, ಕಣ್ಣುಗಳಿಗೆ ಹಾನಿಯಾಗಬಹುದು. ಗರ್ಭ ಧರಿಸುವ ಮುಂಚೆಯೇ ಸೋಂಕು ಬಂದು ಹೋಗಿದ್ದರೆ ಸಾಮಾನ್ಯವಾಗಿ ಭಯವಿಲ್ಲ. ರಕ್ತಪರೀಕ್ಷೆಯಲ್ಲಿ 'ಐಜಿಜಿ ಪಾಸಿಟಿವ್' ಎಂದು ಬರೆದಿದ್ದನ್ನು ಕಂಡು ಗಾಬರಿಯಾಗಿ ಬರುವವರಿದ್ದಾರೆ. ಹೆಚ್ಚಿನ ಸಲ ಅದು ಹಳೆಯ ಸೋಂಕಿನ ಗುರುತು. ಏನೆಂಬುದನ್ನು ವೈದ್ಯರು ನೋಡಿ ಹೇಳಲಿ.

ಬೆಕ್ಕನ್ನು ಮುಟ್ಟಿದ ಮಾತ್ರಕ್ಕೆ ಈ ರೋಗ ಬರುವುದು ಅಪರೂಪ. ಸರಿಯಾಗಿ ಬೇಯದ ಮಾಂಸ, ತೊಳೆಯದ ಸೊಪ್ಪು-ತರಕಾರಿ, ಮಣ್ಣು ಮೆತ್ತಿದ ಕೈಗಳಿಂದ ಬರುವ ಸಂಭವವೇ ಹೆಚ್ಚು. ಹಾಗಿದ್ದರೂ ಗರ್ಭಿಣಿ ಬುಟ್ಟಿಯನ್ನು ಶುಚಿ ಮಾಡಬಾರದು. ಬೇರೆ ಯಾರೂ ಇಲ್ಲದಿದ್ದರೆ ಕೈಗವಸು ತೊಟ್ಟು, ಪ್ರತಿದಿನ ಮಾಡಿ, ಸಾಬೂನಿನಿಂದ ಕೈ ತೊಳೆಯಬೇಕು. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಎಚ್‌ಐವಿ ಸೋಂಕಿತರು ಕೂಡ ಈ ಕೆಲಸದಿಂದ ದೂರವಿರುವುದು ಲೇಸು.

ಬೀದಿಯ ಉಸುಕಿನ ರಾಶಿ

ಮನೆಯಲ್ಲಿ ಜಾಗ ಕೊಡದಿದ್ದರೆ ಬೆಕ್ಕು ಹೋಗುವುದೆಲ್ಲಿಗೆ? ಓಣಿಯಲ್ಲಿ ಮನೆ ಕಟ್ಟುವವರು ಹಾಕಿಸಿದ ಉಸುಕಿನ ರಾಶಿಗೆ. ಸಂಜೆ ಮಕ್ಕಳು ಬರಿಗಾಲಲ್ಲಿ ಗೂಡು ಕಟ್ಟಿ ಆಡುವುದೂ ಅದೇ ರಾಶಿಯ ಮೇಲೆ. ಬೆಕ್ಕಿನ ಮಲದಲ್ಲಿರುವ ಕೊಕ್ಕೆಹುಳುವಿನ ಮರಿಗಳು ಬರಿಗಾಲಿನ ಚರ್ಮವನ್ನು ಹೊಕ್ಕು, ಹಾವಿನಂತೆ ಸುತ್ತಿ ಹರಿಯುವ ಕೆಂಪು ಗೆರೆಯನ್ನೂ ವಿಪರೀತ ತುರಿಕೆಯನ್ನೂ ಉಂಟುಮಾಡುತ್ತವೆ. ದುಂಡುಹುಳುವಿನ ಮೊಟ್ಟೆ ಬಾಯಿಗೆ ಹೋದರೆ ಯಕೃತ್ತು, ಶ್ವಾಸಕೋಶ, ಅಪರೂಪಕ್ಕೆ ಕಣ್ಣಿಗೂ ತೊಂದರೆ. ರಾಶಿಯನ್ನು ತಾಡಪತ್ರಿಯಿಂದ ಮುಚ್ಚಿಸಿ, ಮಕ್ಕಳಿಗೆ ಚಪ್ಪಲಿ ಹಾಕಿಸಿ. ಮರಿಗಳಿಗೆ ಎರಡು-ಮೂರು ವಾರದ ವಯಸ್ಸಿನಿಂದಲೇ ಪಶು ಆಸ್ಪತ್ರೆಯಲ್ಲಿ ಕೇಳಿ ಜಂತುಹುಳುವಿನ ಔಷಧಿ ಕೊಡಿಸಬೇಕು. ಮೂರು ತಿಂಗಳಿಗೆ ರೇಬೀಸ್ ಲಸಿಕೆ ಹಾಕಿಸಬೇಕು. ಮರಿಯೇ ಆದರೂ ಕಚ್ಚಿದರೆ, ಪರಚಿ ಗಾಯ ಮಾಡಿದರೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಬನ್ನಿ. ಅರಿಶಿನ, ಸುಣ್ಣ ಹಚ್ಚಿ ಕೂರಬೇಡಿ.

ಚೆನ್ನಾಗಿ ಕಲಿತಿದ್ದ ಬೆಕ್ಕು ಇದ್ದಕ್ಕಿದ್ದಂತೆ ಬೇರೆಡೆ ಹೋಗತೊಡಗಿದರೆ ಮೊದಲು ಬುಟ್ಟಿ ಶುಚಿಯಾಗಿದೆಯೇ ನೋಡಿ. ಗಂಡುಬೆಕ್ಕು ಪದೇ ಪದೇ ಕೂತು ತಿಣುಕಿಯೂ ಮೂತ್ರ ಬಾರದಿದ್ದರೆ ಅದು ಜೀವಕ್ಕೆ ಅಪಾಯ. ಅಂದೇ ಪಶುವೈದ್ಯರಿಗೆ ತೋರಿಸಬೇಕು.

ಅಂದು ಆ ಅತ್ತೆಗೆ ಹೇಳಿದ್ದೂ ಇಷ್ಟೇ. ಮರಿಗಳನ್ನು ಬಿಟ್ಟು ಬಂದರೂ ತಾಯಿ ಬೆಕ್ಕು ಮನೆಯಲ್ಲೇ ಇರುತ್ತದೆ, ಮತ್ತೆ ಮರಿ ಹಾಕುತ್ತದೆ. ಕಾಲುವೆಯಾಚೆ ಬಿಡುವುದರಿಂದ ಸೊಸೆಗೆ ರಕ್ಷಣೆ ಸಿಗದು. ಅವಳ ಕೈಯಿಂದ ಆ ಬಳಿಯುವ ಕೆಲಸವನ್ನು ತೆಗೆದುಕೊಂಡರೆ ಸಿಗುತ್ತದೆ. ಮುಂದಿನ ತಿಂಗಳ ತಪಾಸಣೆಗೆ ಬಂದಾಗ ಅತ್ತೆಯೇ ವರದಿ ಒಪ್ಪಿಸಿದರು: "ಈಗ ನಮ್ಮ ಮನಿಯವರು ದಿನಾ ಮುಂಜಾನೆ ಬುಟ್ಟಿ ಸ್ವಚ್ಛ ಮಾಡ್ತಾರ್ರಿ. ಮೊಮ್ಮಗ ಉಸುಕು ಜರಡಿ ಹಿಡೀತಾನ."