ರೈಲು ಬಾರದ ಊರಿನ ಮಕ್ಕಳಿಗೆ ಪುಟ್ಟ ರೈಲಿನ ಪಾಠ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ. ಈ ಸೀಮೆಯಲ್ಲಿ ಕಬ್ಬು ಇದೆ, ಸಕ್ಕರೆ ಕಾರ್ಖಾನೆ ಇದೆ, ನೇಕಾರರ ಮಗ್ಗ ಇದೆ, ಘಟಪ್ರಭಾ-ಕೃಷ್ಣೆಯರ ನೀರಿದೆ. ಆದರೆ ಈ ನಾಲ್ಕು ಊರಿನ ಹೊಟ್ಟೆಯೊಳಗೆ ರೈಲಿನ ಶಿಳ್ಳೆ ಮಾತ್ರ ಇನ್ನೂ ಕೇಳಿಲ್ಲ. ಚಹಾದ ಅಂಗಡಿಯಲ್ಲಿ ಕೂತರೆ ಇವತ್ತಿಗೂ ಅದೇ ಪ್ರಶ್ನೆ, "ಯಾವಾಗ ಬರ್ತದ್ರೀ ನಮ್ಮ ರೈಲು?"

ಕರಾವಳಿಯಿಂದ ಘಟ್ಟ ಹತ್ತಿ ಬಂದು ಈ ಕಡೆ ವ್ಯಾಪಾರ ಮಾಡಿಕೊಂಡಿರುವ ನಮ್ಮ ಬ್ಯಾರಿ ಮನೆಗಳಿಗೂ ಈ ಪ್ರಶ್ನೆ ಹೊಸದಲ್ಲ. ಪೆರ್ನಾಳಿಗೆ ಊರಿಗೆ ಹೊರಡುವುದೆಂದರೆ ರಾತ್ರಿ ಬಸ್ಸು, ಇಲ್ಲವೇ ಚೀಲ ಕಟ್ಟಿಕೊಂಡು ಬಾಗಲಕೋಟೆ ನಿಲ್ದಾಣ. ಅಲ್ಲಿಂದ ವಿಜಯಪುರ–ಮಂಗಳೂರು ರೈಲು ಗದಗ, ಹುಬ್ಬಳ್ಳಿ, ಹಾಸನ ಹಾದು ಸಕಲೇಶಪುರದ ಘಾಟಿ ಇಳಿಯುತ್ತದೆ. ಮಕ್ಕಳಿಗೆ ರೈಲು ಅಂದರೆ ವರ್ಷಕ್ಕೆ ಒಂದೆರಡು ಸಲ ಕಿಟಕಿ ಪಕ್ಕ ಸಿಗುವ ಖುಷಿ. ಅದು ಹೇಗೆ ಓಡುತ್ತದೆ, ಹಳಿ ಹೇಗೆ ಬದಲಾಗುತ್ತದೆ, ಕೆಂಪು ದೀಪ ಯಾರು ಹಾಕುತ್ತಾರೆ ಎಂದು ನಿಂತು ನೋಡಲು ಪುರುಸೊತ್ತು ಎಲ್ಲಿ?

ಆ ಪುರುಸೊತ್ತು ಕೊಡುವುದು ಮಾದರಿ ರೈಲು. ಅಂದರೆ ನಿಜವಾದ ರೈಲನ್ನೇ ಲೆಕ್ಕ ಹಾಕಿ ಕುಗ್ಗಿಸಿ, ಹಲಗೆಯ ಮೇಲೆ ಹಳಿ ಹಾಸಿ ಓಡಿಸುವ ಪುಟ್ಟ ರೈಲು. ಇದು ಬರೀ ಆಟಿಕೆ ಎಂದು ಹಿರಿಯರು ಮೂಗು ಮುರಿಯಬಹುದು. ನಾವು ಈ ವಾರ ಇದರ ಬಗ್ಗೆ ಬರೆಯುವುದಕ್ಕೆ ಕಾರಣವಿದೆ.

ಹುಬ್ಬಳ್ಳಿಯಲ್ಲಿ ನೋಡಲು ಸಿಗುತ್ತದೆ

ನಮ್ಮ ಸೀಮೆಯವರಿಗೆ ಹತ್ತಿರದ ಜಾಗ ಹುಬ್ಬಳ್ಳಿ ರೈಲ್ವೆ ಮ್ಯೂಸಿಯಂ. ಗದಗ ರಸ್ತೆಯಲ್ಲಿ, ರೈಲು ನಿಲ್ದಾಣದ ಎರಡನೇ ದ್ವಾರದ ಕಡೆ ಇದೆ. 2020ರ ಆಗಸ್ಟ್‌ನಲ್ಲಿ ಉದ್ಘಾಟನೆಯಾದ ಇದು ಉತ್ತರ ಕರ್ನಾಟಕದ ಮೊದಲ ರೈಲ್ವೆ ಮ್ಯೂಸಿಯಂ. ಹಳೆಯ ಎಂಜಿನ್, ಬೋಗಿಗಳ ಜೊತೆಗೆ ಇಲ್ಲಿರುವ ಎರಡು ಹಳೇ ಕಟ್ಟಡಗಳಿಗೆ ಮಲಪ್ರಭಾ, ಘಟಪ್ರಭಾ ಎಂದು ನಮ್ಮ ನದಿಗಳದೇ ಹೆಸರು. ಹಿಂದೆ ಟಿಕೆಟ್ ಮುದ್ರಿಸುತ್ತಿದ್ದ ಯಂತ್ರ, ಬೋಗಿಯೊಳಗೆ ಮಾಡಿದ ಪುಟ್ಟ ಚಿತ್ರಮಂದಿರ, ಮಕ್ಕಳು ಕೂತು ಸುತ್ತುವ ಟಾಯ್ ಟ್ರೈನ್, ಅದರ ಜೊತೆಗೆ ಓಡುವ ಮಾದರಿ ರೈಲೂ ಉಂಟು. ಹೊರಡುವ ಮೊದಲು ವಾರದ ರಜೆ ಮತ್ತು ಸಮಯ ವಿಚಾರಿಸಿಕೊಳ್ಳಿ.

ಹುಬ್ಬಳ್ಳಿಗೆ ರೈಲಿನ ನಂಟು ಹಳೆಯದು. ಸದರ್ನ್ ಮರಾಠಾ ರೈಲ್ವೆ ಕಂಪೆನಿ 1885ರಲ್ಲೇ ಅಲ್ಲಿ ಕಾರ್ಯಾಗಾರ ತೆರೆದಿತ್ತು. ಈಗ ಅಲ್ಲಿನ 1507 ಮೀಟರ್ ಉದ್ದದ ಪ್ಲಾಟ್‌ಫಾರಂ ಜಗತ್ತಿನಲ್ಲೇ ಅತಿ ಉದ್ದದ್ದು, 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಮಕ್ಕಳನ್ನು ಕರೆದುಕೊಂಡು ಹೋದರೆ ಒಂದೇ ದಿನದಲ್ಲಿ ಎರಡೂ ತೋರಿಸಬಹುದು.

ಇನ್ನೂ ದೂರ ಹೋಗುವವರಿಗೆ ಮೈಸೂರಿನ ರೈಲ್ವೆ ಮ್ಯೂಸಿಯಂ ಇದೆ, 1979ರದ್ದು. ಇತ್ತ ಜಮಖಂಡಿ, ರಬಕವಿಯವರು ಆಸ್ಪತ್ರೆಗೆಂದು ಮಿರಜ್‌ಗೆ ಹೋಗುವುದುಂಟಲ್ಲ, ಅಲ್ಲಿಂದ ಪುಣೆಗೆ ಹೋದರೆ ಕೊಥ್ರೂಡ್‌ನಲ್ಲಿ ಜೋಶಿಯವರ ಮಿನಿಯೇಚರ್ ರೈಲ್ವೆ ಮ್ಯೂಸಿಯಂ ಇದೆ. 1998ರಲ್ಲಿ ತೆರೆದದ್ದು. ಒಂದು ಕೋಣೆಯಲ್ಲಿ ಇಡೀ ಊರನ್ನೇ ಕಟ್ಟಿ ಅದರೊಳಗೆ ರೈಲುಗಳನ್ನು ಓಡಿಸುತ್ತಾರೆ. ಒಬ್ಬರ ಮನೆಯ ಹವ್ಯಾಸ ಬೆಳೆದು ಊರವರೆಲ್ಲ ನೋಡುವ ಪ್ರದರ್ಶನವಾದದ್ದಕ್ಕೆ ಇದೇ ಸಾಕ್ಷಿ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಅವಳಿ ಸಹೋದರರಿಬ್ಬರು 2001ರಲ್ಲಿ ತೆರೆದ ಮಿನಿಯಾಟೂರ್ ವಂಡರ್‌ಲ್ಯಾಂಡ್ ನೋಡಲು ಈಗ ಜಗತ್ತಿನ ಎಲ್ಲ ಕಡೆಯಿಂದ ಜನ ಬರುತ್ತಾರೆ.

87ರ ಲೆಕ್ಕ

ಮಾದರಿ ರೈಲಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಅಳತೆಗೆ 'ಎಚ್‌ಓ' ಎನ್ನುತ್ತಾರೆ. ನಿಜವಾದ ವಸ್ತುವಿನ 87ನೇ ಒಂದು ಪಾಲು. ಏಳನೇ ತರಗತಿ ಓದುವ ಮಗುವಿಗೆ ಅನುಪಾತದ ಪಾಠ ಇದಕ್ಕಿಂತ ಚಂದ ಹೇಳಿಕೊಡಲು ಸಾಧ್ಯವಿಲ್ಲ.

ನಮ್ಮ ಈಗಿನ ಎಲ್‌ಎಚ್‌ಬಿ ಬೋಗಿಯ ಉದ್ದ ಸುಮಾರು ಇಪ್ಪತ್ಮೂರೂವರೆ ಮೀಟರ್. 87ರಿಂದ ಭಾಗಿಸಿದರೆ 27 ಸೆಂಟಿಮೀಟರ್, ಅಂದರೆ ಶಾಲೆಯ ಫೂಟುಪಟ್ಟಿಗಿಂತ ಸ್ವಲ್ಪ ಗಿಡ್ಡ. ಹುಬ್ಬಳ್ಳಿಯ ಆ ದೊಡ್ಡ ಪ್ಲಾಟ್‌ಫಾರಂ ಈ ಲೆಕ್ಕದಲ್ಲಿ 17 ಮೀಟರ್ ದಾಟುತ್ತದೆ. ಮನೆಯ ಹಾಲ್ ಬಿಡಿ, ಮದುವೆ ಹಾಲ್‌ನ ಒಂದು ಗೋಡೆಯೇ ಬೇಕು!

ಇನ್ನೊಂದು ಸೋಜಿಗ ಕೇಳಿ. ಎಚ್‌ಓ ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್. ಯುರೋಪಿನ 1435 ಮಿ.ಮೀ. ಹಳಿಗೆ ಅದು ಸರಿಯಾದ ಲೆಕ್ಕ. ಭಾರತದ ಬ್ರಾಡ್‌ಗೇಜ್ 1676 ಮಿ.ಮೀ. ಅಗಲ, ಅದನ್ನು ಕುಗ್ಗಿಸಿದರೆ 19 ಮಿಲಿಮೀಟರಿಗೂ ಹೆಚ್ಚು. ಹಾಗಾಗಿ ಅಂಗಡಿಯಲ್ಲಿ ಸಿಗುವ ಹಳಿಯ ಮೇಲೆ ನಮ್ಮ ರೈಲನ್ನು ಓಡಿಸುವಾಗ ಅದು ನಿಜಕ್ಕಿಂತ ತುಸು ಇಕ್ಕಟ್ಟಾದ ಹಳಿಯ ಮೇಲೆ ಓಡುತ್ತಿರುತ್ತದೆ.

ಓಡುವುದು ಹೇಗೆ? ಅಡಾಪ್ಟರಿನಿಂದ ಬರುವ ಸುಮಾರು 12 ವೋಲ್ಟ್ ಡಿ.ಸಿ. ಕರೆಂಟನ್ನು ಎರಡು ಹಳಿಗಳಿಗೆ ಕೊಡುತ್ತಾರೆ. ಒಂದು ಹಳಿ ಪ್ಲಸ್, ಇನ್ನೊಂದು ಮೈನಸ್. ಚಕ್ರಗಳ ಮೂಲಕ ಕರೆಂಟು ಎಂಜಿನ್‌ನೊಳಗಿನ ಮೋಟಾರಿಗೆ ಹೋಗುತ್ತದೆ. ವೋಲ್ಟೇಜ್ ಹೆಚ್ಚಿಸಿದರೆ ವೇಗ ಹೆಚ್ಚು. ಪ್ಲಸ್ ಮೈನಸ್ ಅದಲುಬದಲು ಮಾಡಿದರೆ ರೈಲು ಹಿಂದಕ್ಕೆ ಹೊರಡುತ್ತದೆ. ನಿಜವಾದ ವಿದ್ಯುತ್ ರೈಲಿನಲ್ಲಿ ಮೇಲಿನ ತಂತಿಯಲ್ಲಿ 25,000 ವೋಲ್ಟ್ ಎ.ಸಿ. ಬಂದು ಹಳಿಯ ಮೂಲಕ ವಾಪಸ್ ಹೋಗುತ್ತದೆ. ಈ ವ್ಯತ್ಯಾಸ ಮಕ್ಕಳಿಗೆ ಹೇಳಲೇಬೇಕು. ಮನೆಯ ಹಳಿ ಮುಟ್ಟಿದರೆ ಏನೂ ಆಗದು ಎಂದು ಹೊರಗಿನ ರೈಲಿನ ಹತ್ತಿರ ಸಲಿಗೆ ಬೇಡ. ಬೋಗಿಯ ಮೇಲೆ ಹತ್ತಿ ಸೆಲ್ಫಿ ತೆಗೆಯಲು ಹೋಗಿ ಜೀವ ಕಳೆದುಕೊಂಡ ಹುಡುಗರ ಸುದ್ದಿ ನಾವು ಓದುತ್ತಲೇ ಇದ್ದೇವೆ.

ಮನೆಯಲ್ಲಿ ಏನು ಮಾಡಬಹುದು

ವಿದೇಶಿ ಕಂಪೆನಿಯ ಸೆಟ್ಟು ದುಬಾರಿ. ಗಲ್ಫಿನಿಂದ ಉಪ್ಪ ತಂದುಕೊಟ್ಟ ಬ್ಯಾಟರಿ ರೈಲು ಕಪಾಟಿನ ಮೇಲೆ ಧೂಳು ಹಿಡಿದು ಕೂತಿದ್ದರೆ ಅದೇ ಸಾಕು. ಅದೂ ಇಲ್ಲದಿದ್ದರೆ ಶೂ ಡಬ್ಬಿಯ ರಟ್ಟಿನಲ್ಲಿ ಬೋಗಿ ಕತ್ತರಿಸಬಹುದು. ಈ ಕಡೆಯ ಹಳ್ಳಿ ಮಕ್ಕಳು ಜೋಳದ ದಂಟಿನಲ್ಲಿ ಬಂಡಿ ಮಾಡುವುದರಲ್ಲಿ ನಿಸ್ಸೀಮರು. ಪಕ್ಕದ ಮನೆಯ ಹುಡುಗರನ್ನು ಕರೆದರೆ ಅವರೇ ಕಲಿಸುತ್ತಾರೆ.

ಎಚ್‌ಓ ಹಳಿಯ ಒಂದು ಸುತ್ತು ಹಾಕಲು ನಾಲ್ಕು ಅಡಿ ಅಗಲ, ಆರು ಅಡಿ ಉದ್ದದ ಪ್ಲೈವುಡ್ ಹಲಗೆ ಬೇಕು. ಗುಡ್ಡಕ್ಕೆ ಹಳೇ ಪತ್ರಿಕೆ ಮತ್ತು ಮೈದಾ ಅಂಟು, ಹುಲ್ಲಿಗೆ ಹಸಿರು ಬಣ್ಣ ಹಚ್ಚಿದ ಗರಗಸದ ಹೊಟ್ಟು, ಮರಕ್ಕೆ ತೆಂಗಿನ ನಾರು, ಸಿಗ್ನಲ್ ಕಂಬಕ್ಕೆ ಕಡ್ಡಿಪೊರಕೆ. ರಬಕವಿ-ಬನಹಟ್ಟಿಯಲ್ಲಿದ್ದರೆ ಮಗ್ಗದ ಮನೆಯಲ್ಲಿ ಬಿಸಾಡಿದ ಕಂಡಿಕೆ ಸೇತುವೆಯ ಕಂಬಕ್ಕೆ ಬರುತ್ತದೆ. ನಮ್ಮ ಮನೆಯ ಹೆಣ್ಣುಮಕ್ಕಳ ಮೆಹಂದಿ, ಕಸೂತಿಯ ಕೈ ಇಂಥ ಸೂಕ್ಷ್ಮ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಅವರನ್ನು ಬದಿಗಿಟ್ಟು ಗಂಡುಹುಡುಗರಿಗೆ ಮಾತ್ರ ಕೊಡಬೇಡಿ. ಬಿಡಿ ಭಾಗಗಳನ್ನು ಸಣ್ಣ ಮಕ್ಕಳ ಬಾಯಿಗೆ ಸಿಗದಂತೆ ಇಡಿ. ಮನೆಯ ಪ್ಲಗ್ಗಿನಿಂದ ನೇರ ತಂತಿ ಎಳೆಯುವ ಸಾಹಸ ಬೇಡವೇ ಬೇಡ.

ಯಾವ ಮಾರ್ಗ ಕಟ್ಟುವುದು? ಕರಾವಳಿಯ ನೆನಪಿಗೆ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿ ಇದೆ. 57 ಸುರಂಗಗಳ ಆ ದಾರಿಯಲ್ಲಿ 50 ಮೀಟರ್ ಮುಂದೆ ಹೋದರೆ ಒಂದು ಮೀಟರ್ ಏರು. ಎರಡು ಮೀಟರ್ ಹಲಗೆಯಲ್ಲಿ ಅದೇ ಏರು ತೋರಿಸಲು ನಾಲ್ಕು ಸೆಂಟಿಮೀಟರ್ ಎತ್ತರಿಸಿದರೆ ಸಾಕು. ಅಷ್ಟಕ್ಕೇ ಪುಟ್ಟ ಎಂಜಿನ್ ತಿಣುಕುವುದನ್ನು ಕಂಡಾಗ ಘಾಟಿಯಲ್ಲಿ ಹೆಚ್ಚುವರಿ ಎಂಜಿನ್ ಯಾಕೆ ಜೋಡಿಸುತ್ತಾರೆಂದು ಮಗುವಿಗೆ ತಾನಾಗಿ ಗೊತ್ತಾಗುತ್ತದೆ.

ಮದ್ರಸದ ಮಕ್ಕಳು ಒಟ್ಟಾಗಿ ಮಾಡುವುದಾದರೆ ಹಿಜಾಝ್ ರೈಲ್ವೆಯ ಕಥೆ ತೆಗೆದುಕೊಳ್ಳಬಹುದು. ಡಮಾಸ್ಕಸ್‌ನಿಂದ ಮದೀನಾಕ್ಕೆ, ಹಜ್ಜಾಜಿಗಳ ಅನುಕೂಲಕ್ಕೆಂದು ಉಸ್ಮಾನಿಯಾ ಸಾಮ್ರಾಜ್ಯ 1900ರಲ್ಲಿ ಕೆಲಸ ಶುರು ಮಾಡಿ 1908ರಲ್ಲಿ ಮದೀನಾ ಮುಟ್ಟಿಸಿತು. ಸುಮಾರು 1,300 ಕಿ.ಮೀ. ಉದ್ದದ ಆ ಹಳಿಗೆ ಭಾರತದ ಮುಸ್ಲಿಮರೂ ಚಂದಾ ಕಳಿಸಿದ್ದರು. ಮದೀನಾದ ಹಳೇ ನಿಲ್ದಾಣ ಈಗ ಮ್ಯೂಸಿಯಂ. ಈಗ ಮಕ್ಕಾ–ಮದೀನಾ ನಡುವೆ 2018ರಿಂದ ಗಂಟೆಗೆ 300 ಕಿ.ಮೀ. ವೇಗದ ಹರಮೈನ್ ರೈಲು ಓಡುತ್ತಿದೆ. ಉಮ್ರಾಕ್ಕೆ ಹೋಗಿ ಬಂದ ಅಜ್ಜ-ಅಜ್ಜಿಯರು ಅದರಲ್ಲಿ ಕೂತ ಅನುಭವ ಮಕ್ಕಳಿಗೆ ಹೇಳಿದರೆ ಪಾಠ ಅಲ್ಲಿಂದಲೇ ಶುರುವಾಗುತ್ತದೆ.

ಆಟದ ಹಿಂದೆ ಕೆಲಸವೂ ಇದೆ

ಎರಡು ಪುಟ್ಟ ರೈಲುಗಳನ್ನು ಒಂದೇ ಹಳಿಯಲ್ಲಿ ಓಡಿಸಿ ನೋಡಿ. ಸ್ವಲ್ಪ ಹೊತ್ತಿನಲ್ಲಿ ಒಂದಕ್ಕೊಂದು ಗುದ್ದುತ್ತವೆ. ಆಗ ಹಳಿಯನ್ನು ತುಂಡು ತುಂಡಾಗಿ ವಿಂಗಡಿಸಿ, ಮುಂದಿನ ತುಂಡು ಖಾಲಿಯಾಗುವವರೆಗೆ ಹಿಂದಿನ ರೈಲನ್ನು ತಡೆಯಬೇಕು ಎಂಬ ಉಪಾಯ ಮಕ್ಕಳಿಗೇ ಹೊಳೆಯುತ್ತದೆ. ರೈಲ್ವೆಯ ಇಡೀ ಸಿಗ್ನಲ್ ವ್ಯವಸ್ಥೆ ನಿಂತಿರುವುದು ಇದೇ ಉಪಾಯದ ಮೇಲೆ. ಇದನ್ನು ಕೈಯಾರೆ ಮಾಡಿದ ಮಗುವಿಗೆ ಎಲೆಕ್ಟ್ರಿಷಿಯನ್, ಫಿಟ್ಟರ್, ಎಲೆಕ್ಟ್ರಾನಿಕ್ಸ್ ಎಂಬ ಐಟಿಐ ವಿಷಯಗಳು ಅಪರಿಚಿತ ಅನ್ನಿಸುವುದಿಲ್ಲ.

ನಮ್ಮ ಸಮುದಾಯದಲ್ಲಿ ಹುಡುಗ ಎಸೆಸೆಲ್ಸಿ ದಾಟಿದ ಕೂಡಲೇ ಅಂಗಡಿ ಅಥವಾ ಗಲ್ಫ್ ಎಂಬ ಎರಡೇ ದಾರಿ ಕಾಣುವುದು ಇನ್ನೂ ಹೋಗಿಲ್ಲ. ರೈಲ್ವೆ ಕೆಲಸ ಎಂದರೆ 'ಅದು ನಮಗಲ್ಲ' ಎನ್ನುವವರೇ ಜಾಸ್ತಿ. ಅಸಿಸ್ಟೆಂಟ್ ಲೋಕೋ ಪೈಲಟ್ ಹುದ್ದೆಗೆ ಎಸೆಸೆಲ್ಸಿ ಜೊತೆಗೆ ನಿಗದಿತ ವಿಷಯದ ಐಟಿಐ ಅಥವಾ ಡಿಪ್ಲೊಮಾ ಇದ್ದರೆ ಅರ್ಜಿ ಹಾಕಬಹುದು. ರೈಲ್ವೆ ನೇಮಕಾತಿ ಮಂಡಳಿಯ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ಆದರೆ ಈ ಹುದ್ದೆಗೆ ಕಣ್ಣಿನ ಪರೀಕ್ಷೆ ಬಲು ಬಿಗಿ. ಕನ್ನಡಕವಿಲ್ಲದೆ ದೃಷ್ಟಿ ಸರಿಯಾಗಿರಬೇಕು, ಬಣ್ಣ ಗುರುತಿಸಲು ಬರಬೇಕು. ಆಸೆ ಇಟ್ಟುಕೊಂಡ ಮಕ್ಕಳ ಕಣ್ಣನ್ನು ಮೊದಲೇ ತೋರಿಸಿಕೊಳ್ಳುವುದು ಒಳ್ಳೆಯದು.

ಹಲಗೆ ಜೋಡಿಸಿದರೆ ಮಾರ್ಗ

ಇನ್ನು ನಮ್ಮ ನಿಜವಾದ ರೈಲಿನ ಮಾತು. ಬಾಗಲಕೋಟೆ–ಕುಡಚಿ ಮಾರ್ಗ 2010-11ರಲ್ಲಿ ಮಂಜೂರಾಯಿತು. ಉದ್ದ 142 ಕಿ.ಮೀ. ಭೂಮಿ ರಾಜ್ಯದ್ದು, ಖರ್ಚು ರಾಜ್ಯ ಮತ್ತು ಕೇಂದ್ರ ಅರ್ಧರ್ಧ ಎಂದು ಒಪ್ಪಂದ. ಬಾಗಲಕೋಟೆ ಕಡೆಯಿಂದ ಖಜ್ಜಿಡೋಣಿವರೆಗೆ ಮೊದಲು ಹಳಿ ಬಂತು, ಕೆಲಸ ಲೋಕಾಪುರದ ಕಡೆಗೆ ಮುಂದುವರಿಯಿತು. ಭೂಸ್ವಾಧೀನ ತಡವಾದಂತೆ ಉಳಿದದ್ದೂ ತಡವಾಗುತ್ತಾ ಬಂತು. ಈ ಮಾರ್ಗಕ್ಕಾಗಿ ವರ್ಷಗಟ್ಟಲೆ ಧರಣಿ, ಮನವಿ ಎಂದು ಓಡಾಡಿದವರಲ್ಲಿ ರೈಲ್ವೆ ಹೋರಾಟ ಸಮಿತಿಯ ಕುತುಬುದ್ದೀನ್ ಖಾಜಿಯವರ ಹೆಸರು ಈ ಭಾಗದಲ್ಲಿ ಎಲ್ಲರಿಗೂ ಗೊತ್ತು. ಮಂಜೂರಾದ ವರ್ಷ ಹುಟ್ಟಿದ ಮಕ್ಕಳು ಹೈಸ್ಕೂಲು ಮುಟ್ಟಿದರೂ ಜಮಖಂಡಿ, ಬನಹಟ್ಟಿಯಲ್ಲಿ ಪ್ಲಾಟ್‌ಫಾರಂ ಕಾಣಲಿಲ್ಲ.

87ರ ಲೆಕ್ಕದಲ್ಲಿ ಈ 142 ಕಿ.ಮೀ. ಬರೀ 1.6 ಕಿ.ಮೀ. ಚಿಲ್ಲರೆ. ಅಷ್ಟನ್ನೂ ಯಾರೂ ಕಟ್ಟಬೇಕಿಲ್ಲ. ಹೊರದೇಶಗಳ ಪ್ರದರ್ಶನಗಳಲ್ಲಿ ಒಂದು ಪದ್ಧತಿ ಇದೆ. ಒಬ್ಬೊಬ್ಬರು ತಮ್ಮ ಮನೆಯಲ್ಲಿ ಒಂದೊಂದು ಹಲಗೆ ಮಾಡುತ್ತಾರೆ. ಹಲಗೆಯ ಎತ್ತರ ಮತ್ತು ಅಂಚಿನಲ್ಲಿ ಹಳಿ ಬರುವ ಜಾಗ ಎಲ್ಲರದ್ದೂ ಒಂದೇ. ರಜೆಯ ದಿನ ಒಂದು ಹಾಲ್‌ನಲ್ಲಿ ಸೇರಿ ಜೋಡಿಸಿದರೆ ಉದ್ದದ ಮಾರ್ಗ ಸಿದ್ಧ.

ನಮ್ಮ ನಾಲ್ಕು ಊರಿನ ಮನೆಗಳು ಇದನ್ನು ಮಾಡಬಹುದಲ್ಲವೇ? ಮುಧೋಳದ ಹಲಗೆಯಲ್ಲಿ ಕಬ್ಬಿನ ಗಾಡಿ ನಿಂತ ಗೇಟು ಇರಲಿ. ಜಮಖಂಡಿಯದರಲ್ಲಿ ಗುಡ್ಡದ ಅರಮನೆ, ರಬಕವಿ-ಬನಹಟ್ಟಿಯದರಲ್ಲಿ ಸೀರೆ ಗಂಟು ಹೇರುವ ಗೂಡ್ಸ್ ಶೆಡ್ಡು. ಬೀಳಗಿ ಪಟ್ಟಣ ಈ ಮಾರ್ಗದಿಂದ ಬದಿಗಿದೆ. ಅಲ್ಲಿನ ಮಕ್ಕಳು ನಿಲ್ದಾಣಕ್ಕೆ ಜನರನ್ನು ತರುವ ಬಸ್ಸಿನ ದಾರಿ ಮಾಡಲಿ. ಶಾಲೆಯ ವಿಜ್ಞಾನ ವಸ್ತು ಪ್ರದರ್ಶನಕ್ಕೆ ಅಥವಾ ಮೀಲಾದ್ ಸಮಯದ ಮಕ್ಕಳ ಕಾರ್ಯಕ್ರಮಕ್ಕೆ ತಂದು ಜೋಡಿಸಲಿ. ನೆರೆಯ ಹಿಂದೂ, ಜೈನ ಮನೆಗಳ ಮಕ್ಕಳನ್ನೂ ಕರೆಯಿರಿ, ರೈಲು ಎಲ್ಲರದ್ದೂ ತಾನೇ. ಶಾಸಕರು, ಅಧಿಕಾರಿಗಳು ಬಂದರೆ ಅವರ ಮುಂದೆಯೇ ಓಡಿಸಿ ತೋರಿಸಲಿ. ಯಾವ ಊರಿನ ಹಲಗೆ ಎಲ್ಲಿ ಜೋಡಣೆಯಾಗಿದೆ, ನೆಲದ ಮೇಲೆ ಎಲ್ಲಿ ಇನ್ನೂ ಆಗಿಲ್ಲ ಎಂದು ಮಕ್ಕಳೇ ಬೆರಳಿಟ್ಟು ಕೇಳಲಿ.